ಕೂಸಿಗೊಂದು ರಹದಾರಿ

ಮನುಷ್ಯನಿಗೆ ಎರಡು ಕಾಲು ಕೊಟ್ಟ ಭಗವಂತ ಅವುಗಳ ಜೊತೆಗೇ ಒಂದು ರಹದಾರಿಯನ್ನೂ ಬರೆದುಕೊಟ್ಟು ಕಳಿಸಿದ್ದರೆ ಎಷ್ಟು ಚೆನ್ನಾಗಿತ್ತು! ಅದರ ಅಗತ್ಯ ಬೀಳಬಹುದೆಂದು ಬಹುಶಃ ಅವನಿಗೆ ಹೊಳೆದಿರಲಿಕ್ಕಿಲ್ಲ. ಚಳಿಗಾಲ ಬಂತೆಂದರೆ ಎಲ್ಲೆಲ್ಲಿಂದಲೋ ಹಾರಿಬಂದು ನಮ್ಮ ಸೀಮೆಯ ಕೆರೆಗಳಲ್ಲಿ ಇಳಿಯುವ ಹಕ್ಕಿಗಳನ್ನು, "ಎಷ್ಟು ದಿನದ ಮಟ್ಟಿಗೆ ಬಂದಿರಿ? ಯಾರ ಮನೆಯಲ್ಲಿ ಇಳಿದುಕೊಂಡಿರಿ? ತಿರುಗಿ ಹೋಗುವ ಟಿಕೆಟು ಎಲ್ಲಿ?" ಎಂದು ಯಾರೂ ಕೇಳುವುದಿಲ್ಲ. ಮನುಷ್ಯನನ್ನು ಮಾತ್ರ ಕೇಳುತ್ತಾರೆ. ಹತ್ತು ತಿಂಗಳ ಕೂಸನ್ನೂ ಕೇಳುತ್ತಾರೆ ಎಂಬುದು ನನಗೆ ಎಪ್ಪತ್ತರ ಹತ್ತಿರ ಬಂದ ಮೇಲೆ ತಿಳಿಯಿತು.

ರಹದಾರಿ ಎಂಬ ಮಾತು ನಮ್ಮ ಕಡೆ ಹಳೆಯದು. 'ರಾಹ್' ಎಂದರೆ ಪಾರಸಿಯಲ್ಲಿ ದಾರಿ. ಸಾಮಾನು ಸಾಗಿಸುವ ಚೀಟಿಗೂ ನಮ್ಮ ಹಿರಿಯರು ರಹದಾರಿ ಎಂದೇ ಅನ್ನುತ್ತಿದ್ದರು. ವೀಸಾ ಎಂಬುದು ಅದಕ್ಕಿಂತ ಹೊಸ ನೆಂಟ. ಅದರ ಮೂಲ ಲ್ಯಾಟಿನ್; ಅರ್ಥ, 'ನೋಡಿದ್ದಾಗಿದೆ' ಎಂದು. ನೋಡಿದ್ದು ಕಾಗದವನ್ನು, ಮನುಷ್ಯರು ಮನುಷ್ಯರನ್ನು ನೋಡುವುದು ಆಮೇಲಿನ ಮಾತು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಯೂರೋಪಿನ ಬಹುಭಾಗವನ್ನು ಈ ಕಾಗದಗಳಿಲ್ಲದೆಯೇ ಸುತ್ತಿ ಬರಬಹುದಾಗಿತ್ತಂತೆ. ಯುದ್ಧಕಾಲದಲ್ಲಿ ಬಿಗಿಯಾದ ಏರ್ಪಾಡು ಯುದ್ಧ ಮುಗಿದರೂ ಸಡಿಲವಾಗಲಿಲ್ಲ. ನಮ್ಮ ದೇಶಕ್ಕೂ 1920ರಲ್ಲಿ ಪಾಸ್‌ಪೋರ್ಟಿನ ಕಾನೂನು ಬಂತು. ನಾಲ್ಕು ದಿನಕ್ಕೆಂದು ಬಂದ ನೆಂಟ ಅಟ್ಟದ ಕೋಣೆಯ ಕೀಲಿಕೈ ಇಸಿದುಕೊಂಡ ಹಾಗಾಯಿತು.

ನಾನಾದರೋ ಮೂವತ್ತು ವರ್ಷಕ್ಕೂ ಮೇಲೆ ಶಾಲೆಯಲ್ಲಿ ಭೂಗೋಳ ಹೇಳಿದವನು. ಆದರೆ ಪಾಸ್‌ಪೋರ್ಟು ಮಾಡಿಸಿದವನಲ್ಲ. ಗೋಡೆಯ ನಕಾಶೆಯ ಮೇಲೆ ಬೆತ್ತದ ತುದಿಯನ್ನಾಡಿಸಿ ಸಮುದ್ರಗಳನ್ನು ದಾಟುವವನಿಗೆ ಅದೇಕೆ ಬೇಕು? ಕೆನಡಾ ಎಂದರೆ ಗೋಧಿಯ ಬಯಲು, ಕಾಗದದ ಕಾರಖಾನೆ, ಸೇಂಟ್ ಲಾರೆನ್ಸ್ ನದಿ ಎಂದು ಎಷ್ಟು ಸಾವಿರ ಹುಡುಗರಿಗೆ ಕಂಠಪಾಠ ಮಾಡಿಸಿದೆನೋ! ಕೆನಡಾ ಎಂದರೆ ಮಗಳು, ಅಳಿಯ, ಮೊಮ್ಮಗಳು ಎಂದು ಆ ಪಾಠದಲ್ಲಿ ಇರಲಿಲ್ಲ. ಅದನ್ನು ಸೇರಿಸಿದವಳು ನನ್ನ ಮಗಳು. ಟೊರಾಂಟೊದ ಹತ್ತಿರ ಅವರ ಮನೆ. 2022ರ ಡಿಸೆಂಬರಿನಲ್ಲಿ ಅವಳಿಗೆ ಹೆಣ್ಣು ಕೂಸು ಹುಟ್ಟಿತು.

ಇನ್ನು ನನ್ನ ಅವ್ವನ ವಿಷಯ ಹೇಳಬೇಕು. ಅವಳಿಗೆ ಆಗ ಎಂಬತ್ತೆಂಟು. ಬೀದರ ಬಿಟ್ಟರೆ ಭಾಲ್ಕಿ, ಭಾಲ್ಕಿ ಬಿಟ್ಟರೆ ಅಷ್ಟೂರು. ಅವಳ ಪ್ರಪಂಚ ಅಷ್ಟೇ ಅಗಲ. ಆದರೆ ಆ ಅಷ್ಟೂರು ಒಂದರಲ್ಲೇ ಎಷ್ಟು ಪ್ರಪಂಚ ಅಡಗಿದೆ ಎಂಬುದನ್ನು ನಾನು ಪಾಠ ಹೇಳುತ್ತಿದ್ದಾಗ ಅರಿತಿರಲಿಲ್ಲ.

ಬೀದರ ಪಟ್ಟಣದಿಂದ ಮೂಡಣಕ್ಕೆ ಎರಡು ಮೈಲಿ ನಡೆದರೆ ಅಷ್ಟೂರು. ಬಹಮನಿ ಸುಲ್ತಾನರ ಗೋರಿಗಳು ಅಲ್ಲಿ ಸಾಲಾಗಿ ನಿಂತಿವೆ. ಒಂದರ ಗುಮ್ಮಟ ಸಿಡಿಲು ಬಡಿದು ಸೀಳಿಹೋಗಿದೆ. ಅದು ಹುಮಾಯೂನ ಸುಲ್ತಾನನದು. ಎಲ್ಲಕ್ಕೂ ಮುಖ್ಯವಾದದ್ದು 1422ರಿಂದ 1436ರವರೆಗೆ ಆಳಿದ ಅಹ್ಮದ್ ಶಾಹನದು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದವನು ಅವನೇ. ಮುಸಲ್ಮಾನರಿಗೆ ಅವನು ವಲಿ, ಅಂದರೆ ಸಂತ. ನಮ್ಮವ್ವನಂಥ ಲಿಂಗವಂತರಿಗೆ ಅವನು ಅಲ್ಲಮಪ್ರಭು. ಅವನ ಉರುಸು ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಹೋಳಿಯ ಆಸುಪಾಸಿಗೆ ಬರುತ್ತದೆ. ಕಲಬುರಗಿ ಸೀಮೆಯ ಮಾಡಿಯಾಳದಿಂದ ಜಂಗಮರು ಭಕ್ತರನ್ನು ಕಟ್ಟಿಕೊಂಡು ಬರುತ್ತಾರೆ. ಒಬ್ಬರು ಫಾತಿಹಾ ಓದುತ್ತಾರೆ, ಒಬ್ಬರು ಕಾಯಿ ಒಡೆಯುತ್ತಾರೆ. ಇದರಲ್ಲಿ ಅಸಂಗತವೇನಾದರೂ ಇದೆಯೆಂದು ಅವ್ವನಿಗೆ ಹೇಳಹೋಗಿದ್ದರೆ ಅವಳು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದಳು.

ಈ ಅಹ್ಮದ್ ಶಾಹನಿಗೆ ಪರ್ಷಿಯಾದ ಮಾಹಾನ್ ಎಂಬ ಊರಿನಲ್ಲಿದ್ದ ಶಾ ನಿಯಾಮತುಲ್ಲಾ ವಲಿಯವರ ಮೇಲೆ ಬಹಳ ಭಕ್ತಿ. ನಮ್ಮಲ್ಲಿಗೆ ದಯಮಾಡಿಸಬೇಕೆಂದು ಅವರಿಗೆ ಹೇಳಿಕಳಿಸಿದ. ವೃದ್ಧರಾದ ಅವರು ತಾವು ಬರಲಿಲ್ಲ, ಮೊಮ್ಮಗನನ್ನು ಕಳಿಸಿದರು. ಅವರು ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ಅವರೇ ಬೀದರಕ್ಕೆ ಬಂದು ನೆಲೆಸಿದರು. ಅಷ್ಟೂರಿಗೆ ಹೋಗುವ ದಾರಿಯಲ್ಲಿ ದಿಬ್ಬದ ಮೇಲೆ ಎಂಟು ಮೂಲೆಯ ಒಂದು ಕಟ್ಟಡ ಕಾಣುತ್ತದಲ್ಲ, ಚೌಖಂಡಿ, ಅದು ಅವರ ಗೋರಿ. ಅತ್ತ ಮಾಹಾನಿನಲ್ಲಿ ತಂದೆಯ ಗೋರಿಯ ಮೇಲೆ 1436ರಲ್ಲಿ ಗುಮ್ಮಟ ಕಟ್ಟಿಸಿದವನು ನಮ್ಮ ಅಹ್ಮದ್ ಶಾಹ. ಅಲ್ಲಿಯದನ್ನು ಇಲ್ಲಿಯವನು ಕಟ್ಟಿಸಿದ. ಅಲ್ಲಿಯವರು ಇಲ್ಲಿ ಮಣ್ಣಾದರು. ನಡುವೆ ಸಮುದ್ರವಿತ್ತು, ಮರುಭೂಮಿಯಿತ್ತು, ಕಳ್ಳರಿದ್ದರು. ವೀಸಾ ಇರಲಿಲ್ಲ.

ಅಹ್ಮದ್ ಶಾಹನ ಗುಮ್ಮಟದ ಒಳಗೆ ಹಗಲಲ್ಲೂ ಕತ್ತಲೆ. ಕಾವಲಿನವನು ಬಾಗಿಲಲ್ಲಿ ನಿಂತು ಕನ್ನಡಿಯಿಂದ ಬಿಸಿಲನ್ನು ಹಿಡಿದು ಒಳಕ್ಕೆ ಎಸೆಯುತ್ತಾನೆ. ಆಗ ಮೇಲೆ ಕೆಂಪು, ನೀಲಿ, ಚಿನ್ನದ ಬಣ್ಣಗಳು ತಟ್ಟನೆ ಎದ್ದು ನಿಲ್ಲುತ್ತವೆ. ಅವ್ವನ ಆಸೆ ಒಂದೇ ಇತ್ತು: "ತಮ್ಮಾ, ಕೂಸಿಗಿ ಅಷ್ಟೂರಕ್ಕ ಒಯ್ದು ಪ್ರಭುವಿನ ಮುಂದ ಹಣಿ ಹಚ್ಚಬೇಕು. ಆಮ್ಯಾಲ ನಾ ಹೋದ್ರೂ ನಡೀತದ."

ಕೂಸನ್ನು ಅವಳು ಫೋನಿನಲ್ಲಿ ನೋಡಿದ್ದಳು. ಮಗಳು ವಾರಕ್ಕೆರಡು ಸಲ ತೋರಿಸುತ್ತಿದ್ದಳು. ಆದರೆ ಅದನ್ನು ನೋಡಿದ ಲೆಕ್ಕಕ್ಕೆ ಅವ್ವ ಹಿಡಿಯಲಿಲ್ಲ. "ಕಾಣಸ್ತದ, ಖರೆ. ಮುಟ್ಟಲಾಕ ಬರಂಗಿಲ್ಲ" ಎಂದು ಗಾಜನ್ನು ಒಮ್ಮೆ ಸವರಿ ಫೋನನ್ನು ನನಗೆ ತಿರುಗಿ ಕೊಡುತ್ತಿದ್ದಳು. ಸವರಿದ ಕೂಡಲೆ ಚಿತ್ರ ಮಾಯವಾಗಿ ಇನ್ನೇನೋ ಬರುತ್ತಿತ್ತು.

2023ರ ದಸರೆಗೆ ಬರುವುದೆಂದು ಗೊತ್ತಾಯಿತು. ಅಕ್ಟೋಬರ್ ಮೊದಲ ವಾರದ ಟಿಕೆಟು ಕೊಂಡರು. ಮಗಳ ಕೈಯಲ್ಲಿ ಭಾರತದ ಪಾಸ್‌ಪೋರ್ಟೇ ಇತ್ತು. ಕೂಸು ಮಾತ್ರ ಅಲ್ಲಿ ಹುಟ್ಟಿದ್ದರಿಂದ ಅಲ್ಲಿನ ಪ್ರಜೆ. ನಮ್ಮ ಕಾನೂನಿನಲ್ಲಿ ಒಬ್ಬರಿಗೆ ಎರಡು ದೇಶದ ಪೌರತ್ವವಿಲ್ಲ. ಆದ್ದರಿಂದ ಅದಕ್ಕೆ ವೀಸಾ ಬೇಕು. ಅದೇನು ದೊಡ್ಡ ಮಾತಲ್ಲ, ಸೆಪ್ಟೆಂಬರ್ ಕೊನೆಗೆ ಅರ್ಜಿ ಕೊಡುವ ದಿನ ಗೊತ್ತಾಗಿದೆ ಎಂದು ಮಗಳು ಹೇಳಿದಳು. ಕೂಸಿನ ಅರ್ಜಿಯಲ್ಲಿ 'ಉದ್ಯೋಗ' ಎಂಬಲ್ಲಿ ಏನು ಬರೆಯುವುದೆಂದು ನಾವು ಫೋನಿನಲ್ಲಿ ನಕ್ಕಿದ್ದೂ ನಕ್ಕಿದ್ದೇ. ಅಂಬೆಗಾಲಿಡುವುದೆಂದು ಬರೆಯಬೇಕೆಂದು ನನ್ನ ಸೂಚನೆ. ನನ್ನಾಕೆ ಜವಳದ ತಯಾರಿಗೆ ಇಳಿದಳು.

ಅಷ್ಟರಲ್ಲಿ ಎರಡು ಸರ್ಕಾರಗಳಿಗೆ ಜಗಳ ಹತ್ತಿತು. ಆ ವರ್ಷದ ಜೂನ್ 18ರಂದು ಕೆನಡಾದ ಸರ್ರೆ ಎಂಬಲ್ಲಿ ಹರ್‌ದೀಪ್ ಸಿಂಗ್ ನಿಜ್ಜರ್ ಎಂಬವನ ಕೊಲೆಯಾಗಿತ್ತು. ಸೆಪ್ಟೆಂಬರ್ 18ರಂದು ಅಲ್ಲಿನ ಅಂದಿನ ಪ್ರಧಾನಿ ಟ್ರೂಡೋ ಅವರು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಅದಕ್ಕೂ ಭಾರತಕ್ಕೂ ಸಂಬಂಧ ಕಟ್ಟಿ ಮಾತನಾಡಿದರು. ನಮ್ಮ ಸರ್ಕಾರ ಅದು ಶುದ್ಧ ಅಸಂಬದ್ಧವೆಂದು ತಳ್ಳಿಹಾಕಿತು. ಅವರು ನಮ್ಮ ಒಬ್ಬ ಅಧಿಕಾರಿಯನ್ನು ಕಳಿಸಿದರು; ನಾವು ಅವರ ಒಬ್ಬರನ್ನು ಕಳಿಸಿದೆವು. ಸೆಪ್ಟೆಂಬರ್ 21, ಗುರುವಾರ, ಕೆನಡಾದವರಿಗೆ ವೀಸಾ ಕೊಡುವುದನ್ನು ಭಾರತ ನಿಲ್ಲಿಸಿತು. ಅಲ್ಲಿನ ನಮ್ಮ ಕಚೇರಿಗಳಿಗೆ ಬೆದರಿಕೆಯಿದೆ, ಕೆಲಸ ಮಾಡುವಂತಿಲ್ಲ ಎಂಬುದು ಸರ್ಕಾರ ಕೊಟ್ಟ ಕಾರಣ. ಯಾರದು ಸರಿ, ಯಾರದು ತಪ್ಪು ಎಂಬುದನ್ನು ಬೀದರದ ಒಬ್ಬ ನಿವೃತ್ತ ಮಾಸ್ತರ ತೀರ್ಮಾನಿಸಬೇಕಾಗಿಲ್ಲ. ನನಗೆ ತಿಳಿದದ್ದು ಇಷ್ಟು: ತಾಯಿ ಬರಬಹುದು, ಕೂಸು ಬರುವಂತಿಲ್ಲ.

ಮಗಳು ಅಳುತ್ತ ಕೇಳಿದಳು: "ಅಪ್ಪಾ, ಇದನ್ನ ಅವರ ಹತ್ರ ಬಿಟ್ಟು ನಾನೊಬ್ಬಳೇ ಬಂದು ಆಯಿನ್ನ ನೋಡಿ ಹೋಗ್ಲಾ?" ಕೂಸು ಇನ್ನೂ ಮೊಲೆ ಬಿಟ್ಟಿರಲಿಲ್ಲ. ನಾನೆಂದೆ, "ಬ್ಯಾಡ. ದೊಡ್ಡವರ ಜಗಳ, ನಾಲ್ಕು ದಿನದಾಗ ತಣ್ಣಗಾಗ್ತದ. ಕೂಡೇ ಬರ್ರಿ." ಎಲ್ಲ ಜಗಳಗಳನ್ನೂ ನಾಲ್ಕು ದಿನದ್ದೆಂದು ತಿಳಿಯುವುದು ನನ್ನ ಸ್ವಭಾವ. ಟಿಕೆಟು ರದ್ದಾಯಿತು. ವಿಮಾನದ ಕಂಪನಿಯವರು ದುಡ್ಡಿನ ಒಂದು ಭಾಗವನ್ನು ನಮ್ಮ ನೆನಪಿಗೆಂದು ತಮ್ಮಲ್ಲೇ ಇಟ್ಟುಕೊಂಡರು.

ಅವ್ವನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಅಲ್ಲಿ ಹಿಮ ಬಿದ್ದು ವಿಮಾನ ನಿಂತಿದೆ ಎಂದೆ. ಭೂಗೋಳದ ಮಾಸ್ತರನಾಗಿ ಸೆಪ್ಟೆಂಬರಿನಲ್ಲಿ ಟೊರಾಂಟೊದಲ್ಲಿ ಹಿಮ ಬೀಳಿಸಿದ ಪಾಪ ನನ್ನ ತಲೆಯ ಮೇಲಿದೆ. ಎರಡು ದಿನ ಅವಳು ಸುಮ್ಮನಿದ್ದಳು. ಪಕ್ಕದ ಕೋಣೆಯ ಟಿ.ವಿ.ಯಲ್ಲಿ ಸುದ್ದಿಯವರು ಆ ಜಗಳವನ್ನೇ ಬೆಳಿಗ್ಗೆ ಸಂಜೆ ಕೂಗುತ್ತಿದ್ದರು. ಅವಳ ಕಣ್ಣು ಮಂಜಾಗಿತ್ತೇ ಹೊರತು ಕಿವಿ ನೆಟ್ಟಗಿತ್ತು. ಮೂರನೆಯ ದಿನ ನನ್ನನ್ನು ಕರೆದು ಕೇಳಿದಳು:

"ತಮ್ಮಾ, ಜಗಳ ಯಾರ ಯಾರ ನಡುವೆ ಅದ?"

"ಸರಕಾರ್ ಸರಕಾರದ್ದು, ಅವ್ವಾ."

"ಅವರಿಗಿ ನಮ್ಮ ಕೂಸಿನ ಹೆಸರು ಗೊತ್ತದ ಏನು?"

"ಇಲ್ಲ."

"ಗೊತ್ತಿಲ್ಲಂದ್ರ ಮತ್ತ ಹ್ಯಾಂಗ ಬ್ಯಾಡ ಅಂದ್ರು?"

ನನ್ನ ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಉತ್ತರ ತೋಚದ ಪ್ರಶ್ನೆಗಳು ಅನೇಕ ಬಂದಿದ್ದವು. "ಅದು ಮುಂದಿನ ಪಾಠದಲ್ಲಿ ಬರುತ್ತದೆ" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಅವ್ವನಿಗೆ ಹಾಗೆ ಹೇಳುವಂತಿರಲಿಲ್ಲ.

ಮನಸ್ಸು ಕೆಟ್ಟಾಗ ನಾನು ಹೋಗುವುದು ಚೌಬಾರದ ಹಿಂದಿನ ಓಣಿಯಲ್ಲಿರುವ ನನ್ನ ಗೆಳೆಯರೊಬ್ಬರ ಮನೆಗೆ. ಬಿದರಿ ಕೆಲಸದವರು, ಎಲ್ಲರೂ ಅವರನ್ನು ಉಸ್ತಾದರೆಂದೇ ಕರೆಯುವುದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಹೂ ಬಳ್ಳಿ ಕೆತ್ತಿ, ಕೆತ್ತಿದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂಡಿಸಿ ಬಡಿಯುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಅದರಲ್ಲಿ ಅದ್ದಿದರೆ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಉಸ್ತಾದರಿಗೆ ಆಗ ಎಂಬತ್ತು. ಕೈ ನಡುಗುವುದರಿಂದ ಮೊಮ್ಮಕ್ಕಳ ಕೆಲಸದಲ್ಲಿ ತಪ್ಪು ಹುಡುಕುವುದಷ್ಟೇ ಅವರ ಉದ್ಯೋಗ.

ನನ್ನ ದುಃಖವನ್ನೆಲ್ಲ ಅವರು ಕೇಳಿದರು. ಎದ್ದು ಒಳಗೆ ಹೋಗಿ ಒಂದು ಅಡಕೆಯ ಡಬ್ಬಿ ತಂದು ನನ್ನ ಕೈಯಲ್ಲಿಟ್ಟರು. ಅಂಗೈಯಗಲದ್ದು, ಮುಚ್ಚಳದ ಮೇಲೆ ಬೆಳ್ಳಿಯ ಬಳ್ಳಿ. "ನಮ್ಮ ಆಪಾಗೆ ಮಾಡಿದ್ದು, ಮಾಸ್ತರ್. ನನ್ನ ಕೈಯಿಂದ ಆದ ಆಖರಿ ಕೆಲಸ. 2019ರಾಗ ಕರಾಚಿಗೆ ಹೋಗಬೇಕಂತ ಅರ್ಜಿ ತುಂಬಿದ್ದೆ."

ಅವರ ಅಕ್ಕ ಕರಾಚಿಯಲ್ಲಿರುವ ಸಂಗತಿ ನನಗೆ ಗೊತ್ತಿತ್ತು. ಪೂರ್ತಿ ಕತೆಯನ್ನು ಕೇಳಿದ್ದು ಆ ದಿನ. ಹೈದರಾಬಾದು ಸಂಸ್ಥಾನ 1948ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಸೇರಿದ ಎರಡು ವರ್ಷಕ್ಕೆ, ಹದಿನೇಳರ ಅಕ್ಕ, ಮದುವೆಯಾದ ಹೊಸದರಲ್ಲಿ, ಗಂಡನ ಹಿಂದೆ ಮುಂಬಯಿಯಲ್ಲಿ ಹಡಗು ಹತ್ತಿ ಕರಾಚಿಗೆ ಹೋದಳು. ತಮ್ಮನಿಗೆ ಏಳು ವರ್ಷ. ಮುಂದಿನ ಈದಿಗೆ ಬರುತ್ತೇನೆಂದು ಹೇಳಿ ಹೋದಳಂತೆ. 1952ರ ಅಕ್ಟೋಬರಿನಲ್ಲಿ ಎರಡು ದೇಶಗಳ ನಡುವೆ ಪಾಸ್‌ಪೋರ್ಟು, ವೀಸಾಗಳ ಕಟ್ಟಳೆ ಬಂತು. 1965ರಲ್ಲಿ ಒಂದು ಯುದ್ಧ, 1971ರಲ್ಲಿ ಇನ್ನೊಂದು. 1976ರಲ್ಲಿ ಸಮ್‌ಝೌತಾ ಎಕ್ಸ್‌ಪ್ರೆಸ್ ಓಡಿತು. 1978ರಲ್ಲಿ ಅಕ್ಕ ಬಂದಳು. ಹೋಗುವಾಗ ಹದಿನೇಳು, ಬರುವಾಗ ನಲವತ್ತೈದು. ಬಂದ ಮರುದಿನವೇ ತಾನು ಹುಟ್ಟಿದ ಊರಿನ ಪೊಲೀಸು ಠಾಣೆಗೆ ಹೋಗಿ ತಾನು ಬಂದಿರುವೆನೆಂದು ಬರೆಸಿ ಬರಬೇಕಾಯಿತು. ವೀಸಾದಲ್ಲಿ ಇಂಥಿಂಥ ಊರು ಎಂದು ಬರೆದಿರುತ್ತದೆ. ಬೀದರ ಎಂದಿತ್ತು, ಗುಲ್ಬರ್ಗಾ ಎಂದಿರಲಿಲ್ಲ. ಖ್ವಾಜಾ ಬಂದೇ ನವಾಜರ ದರ್ಗೆಗೆ ಹೋಗಬೇಕೆಂದು ಬಾಲ್ಯದ ಹರಕೆಯಿತ್ತಂತೆ. ಹೋಗಲಾಗಲಿಲ್ಲ. ಒಂದು ಸಂಜೆ ತಮ್ಮನ ಕೂಡ ಅಷ್ಟೂರಿಗೆ ನಡೆದು ಹೋಗಿ ಅಲ್ಲಿಂದಲೇ ಗುಲ್ಬರ್ಗದ ದಿಕ್ಕಿಗೆ ಮುಖ ಮಾಡಿ ಕೈಯೆತ್ತಿದಳಂತೆ.

"ಆಮೇಲೆ?"

"ಆಮೇಲೆ ಏನು, ಮಾಸ್ತರ್? ನಾನು ಹೋಗಬೇಕಂದಾಗ ಕೈಯಾಗ ರೊಕ್ಕ ಇರಲಿಲ್ಲ. ರೊಕ್ಕ ಬಂದಾಗ 2019 ಬಂತು." ಆ ವರ್ಷದ ಫೆಬ್ರುವರಿಯಲ್ಲಿ ಪುಲ್ವಾಮಾ; ಆಗಸ್ಟಿನಲ್ಲಿ ಎರಡೂ ಕಡೆಯ ರಾಯಭಾರಿಗಳಿಲ್ಲದಂತಾಗಿ ಸಮ್‌ಝೌತಾ ರೈಲೂ ನಿಂತುಹೋಯಿತು. ತುಂಬಿದ ಅರ್ಜಿ ಪೆಟ್ಟಿಗೆಯಲ್ಲಿ ಉಳಿಯಿತು; ಡಬ್ಬಿಯೂ ಅದರ ಮೇಲೆ ಕುಳಿತಿತು. ಪ್ರತಿ ರಂಜಾನಿಗೆ ಉಸ್ತಾದರು ಅದನ್ನು ತೆಗೆದು ಎಣ್ಣೆ ಹಚ್ಚಿ ಉಜ್ಜಿ ಮತ್ತೆ ಇಡುತ್ತಿದ್ದರು.

"ನಿಮ್ಮದು ಹೊಸ ಗಾಯ, ಮಾಸ್ತರ್. ಉರೀತದ. ನಮ್ಮದು ಹಳೇದು, ಅದರ ಜೋಡಿ ಇರೋದು ರೂಢಿ ಆಗ್ಯದ" ಎಂದರು. ನನ್ನ ಒಂದು ತಿಂಗಳ ದುಃಖವನ್ನು ತಮ್ಮ ಎಪ್ಪತ್ತು ವರ್ಷದ ಪಕ್ಕದಲ್ಲಿಟ್ಟು ಸಣ್ಣದು ಮಾಡಲಿಲ್ಲ. ಚಹಾ ತರಿಸಿದರು.

ಹಿಂದಿನ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಎಂಬ ಪಲ್ಲವಿ ಹಿಡಿಯಬೇಕೆಂದು ನನಗೂ ಆಸೆ. ಆದರೆ ಬೀದರದ ಚರಿತ್ರೆ ಬಿಡುವುದಿಲ್ಲ. ರಷ್ಯದ ತ್ವೇರ್ ಎಂಬ ಊರಿನಿಂದ ಅಫನಾಸಿ ನಿಕಿಟಿನ್ ಎಂಬ ವರ್ತಕ 1470ರ ಆಸುಪಾಸಿಗೆ ಇಲ್ಲಿಗೆ ಬಂದಿದ್ದ. ಮಾರಲೆಂದು ಒಂದು ಒಳ್ಳೆಯ ಕುದುರೆ ತಂದಿದ್ದ. ದಾರಿಯಲ್ಲಿ ಜುನ್ನರಿನ ಖಾನನು ಆ ಕುದುರೆಯನ್ನು ಹಿಡಿದಿಟ್ಟುಕೊಂಡು, ನಮ್ಮ ಮತಕ್ಕೆ ಸೇರು, ಕುದುರೆಯನ್ನೂ ಕೊಡುತ್ತೇನೆ, ಸಾವಿರ ಹೊನ್ನನ್ನೂ ಕೊಡುತ್ತೇನೆ ಎಂದು ನಾಲ್ಕು ದಿನದ ಗಡುವು ಕೊಟ್ಟ. ಖುರಾಸಾನದ ಒಬ್ಬ ಗಣ್ಯ ನಡುವೆ ಬಂದು ಹೇಳಿದ್ದರಿಂದ ಪಾರಾದ. ಕುದುರೆಯನ್ನು ಬೀದರಕ್ಕೆ ತಂದು ಮಾರಿದ. ಆಗ ಕಾಗದ ಬೇಕಿರಲಿಲ್ಲ, ನಿಜ. ಆದರೆ ಗುರುತಿನವನೊಬ್ಬ ಬೇಕಾಗಿತ್ತು. ಪಾಪ, ಆ ನಿಕಿಟಿನ್ ಮನೆಯನ್ನೂ ಮುಟ್ಟಲಿಲ್ಲ. ತಿರುಗಿ ಹೋಗುವಾಗ ಸ್ಮೊಲೆನ್ಸ್ಕಿನ ಹತ್ತಿರ ತೀರಿಕೊಂಡ.

ಇನ್ನು ಮಹಮೂದ್ ಗವಾನ್. ಪರ್ಷಿಯಾದ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿಗಳ ಮಂತ್ರಿಯಾದವನು; 1472ರಲ್ಲಿ ಮದರಸಾ ಕಟ್ಟಿಸಿದವನು. ಆಗ ಆಸ್ಥಾನದಲ್ಲಿ ಎರಡು ಪಕ್ಷ: ಇಲ್ಲಿಯೇ ನೆಲೆಸಿದ ದಖ್ಖನಿಗಳು, ಹೊರಗಿನಿಂದ ಬಂದ ಆಫಾಕಿಗಳು. ಬಂದವರನ್ನು ಕಂಡರೆ ಇದ್ದವರಿಗೆ ಆಗದು. ಹಗೆಗಳು ಅವನ ಮೊಹರು ಒತ್ತಿದ ಖಾಲಿ ಕಾಗದವನ್ನು ಹೇಗೋ ದೊರಕಿಸಿ, ಒರಿಸ್ಸಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆದಂತೆ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಮಹಮೂದ್ ಗವಾನನ ತಲೆ ಹೋಯಿತು. ಮೊಹರನ್ನು ನೋಡಿದರು, ಮನುಷ್ಯನನ್ನು ನೋಡಲಿಲ್ಲ. ಹೊರಗಿನವರ ಜಗಳ, ಮೊಹರಿನ ಮಹಿಮೆ, ಎರಡೂ ನಮ್ಮೂರಿಗೆ ಹೊಸತಲ್ಲ.

ಕೆನಡಾದ ಬಾಗಿಲಿಗೂ ಇದು ಹೊಸತಲ್ಲ. 1914ರಲ್ಲಿ ಕೊಮಗಾಟ ಮಾರು ಎಂಬ ಹಡಗು 376 ಜನರನ್ನು ಹೊತ್ತು ವ್ಯಾಂಕೂವರಿಗೆ ಹೋಗಿತ್ತು, ಬಹುತೇಕರು ಪಂಜಾಬಿನವರು. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳು ಸಾಮ್ರಾಜ್ಯದ ಇನ್ನೊಂದು ಊರಿಗೆ ಹೋದದ್ದು ಅಷ್ಟೇ. ತಾಯ್ನಾಡಿನಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದಿಲ್ಲವೆಂಬ ನೆವ ಹೇಳಿ ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿ, ಕೆಲವರನ್ನು ಮಾತ್ರ ಇಳಿಸಿಕೊಂಡು ಉಳಿದವರನ್ನು ತಿರುಗಿ ಅಟ್ಟಿದರು. ಅದಕ್ಕೆ ಕೆನಡಾದ ಪಾರ್ಲಿಮೆಂಟಿನಲ್ಲಿ ಪ್ರಧಾನಿ ಕ್ಷಮೆ ಕೇಳಿದ್ದು 2016ರಲ್ಲಿ. ಬಾಗಿಲು ಹಾಕಲು ಒಂದು ದಿನ ಸಾಕು. ಹಾಕಿದ್ದು ತಪ್ಪಾಯಿತೆನ್ನಲು ನೂರೆರಡು ವರ್ಷ ಬೇಕು.

ಸರ್ಕಾರಗಳಿಗೆ ಕಾರಣವಿಲ್ಲವೆಂದು ನಾನು ಹೇಳುತ್ತಿಲ್ಲ. ಮನೆಗೆ ಬಾಗಿಲಿರಬೇಕು, ಬಾಗಿಲಿಗೆ ಅಗಳಿ ಇರಬೇಕು. ನನಗೆ ತೋರುವುದು ಇಷ್ಟೇ: ವೀಸಾ ನಿಲ್ಲಿಸುವುದು ಒಂದು ಸರ್ಕಾರ ಇನ್ನೊಂದಕ್ಕೆ ಬರೆಯುವ ಕೋಪದ ಪತ್ರ. ಆದರೆ ಆ ಪತ್ರದ ವಿಳಾಸ ಯಾವಾಗಲೂ ತಪ್ಪಾಗಿರುತ್ತದೆ. ಅಂಚೆಯವನು ತಂದುಕೊಡುವುದು ಯಾವುದೋ ಮುದುಕಿಗೆ, ಯಾವುದೋ ಕೂಸಿಗೆ, ಆಸ್ಪತ್ರೆಗೆ ಹೊರಟ ಯಾವನೋ ರೋಗಿಗೆ.

ಅಕ್ಟೋಬರ್ ಬಂತು. ಅವ್ವ ಊಟ ಬಿಟ್ಟಳು. ಮಗಳು ಮತ್ತೆ ಕೇಳಲಿಲ್ಲ. ನಾನೂ ಬಾ ಎನ್ನಲಿಲ್ಲ. ಇಂದೋ ನಾಳೆಯೋ ತೆರೆಯುತ್ತದೆ ಎಂದು ಪ್ರತಿ ಬೆಳಿಗ್ಗೆ ಪತ್ರಿಕೆಯನ್ನು ಹಿಂದೆ ಮುಂದೆ ಮಗುಚುತ್ತಿದ್ದೆ. ಅಕ್ಟೋಬರ್ 19, ಗುರುವಾರ, ನಸುಕಿನಲ್ಲಿ ಅವ್ವ ಹೋದಳು. ಹಿಂದಿನ ರಾತ್ರಿ ಫೋನಿನಲ್ಲಿ ಕೂಸನ್ನು ತೋರಿಸಿದ್ದೆವು. ಆ ದಿನ ಗಾಜು ಸವರಲಿಲ್ಲ; ಸುಮ್ಮನೆ ನೋಡಿದಳು. ಅವಳನ್ನು ನಮ್ಮ ಹೊಲದಲ್ಲಿ ವಿಭೂತಿ ಹಚ್ಚಿ ಕೂಡಿಸಿ ಮಣ್ಣು ಮಾಡಿ ಬಂದೆವು. ಕೆನಡಾ ತನ್ನ 41 ಅಧಿಕಾರಿಗಳನ್ನು ಭಾರತದಿಂದ ಕರೆಸಿಕೊಂಡಿತೆಂಬ ಸುದ್ದಿ ಮರುದಿನ ಕಣ್ಣಿಗೆ ಬಿತ್ತು. ಅವರ ಮಕ್ಕಳು ಮರಿಗಳೂ ಸಾಮಾನು ಕಟ್ಟಿರಬೇಕು ಎಂದುಕೊಂಡೆ.

ಮುಂದಿನ ಗುರುವಾರ, ಅಕ್ಟೋಬರ್ 26ರಿಂದ, ಕೆಲವು ಬಗೆಯ ವೀಸಾಗಳನ್ನು ಮತ್ತೆ ಕೊಡಲಾರಂಭಿಸಿದರು. ನಮ್ಮ ಕೂಸಿಗೆ ಬೇಕಾದದ್ದೂ ಅದರಲ್ಲಿತ್ತು. ಸರಿಯಾಗಿ ಏಳು ದಿನ ತಡ.

ಈ ಏಳು ದಿನವನ್ನು ಯಾರ ಲೆಕ್ಕಕ್ಕೆ ಬರೆಯಲಿ ಎಂದು ಬಹಳ ಯೋಚಿಸಿದ್ದೇನೆ. ಸರ್ಕಾರಗಳ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಬಾ ಎಂದಿದ್ದರೆ ಮಗಳು ಒಬ್ಬಳೇ ಬಂದು ಅವ್ವನ ಕೈ ಹಿಡಿದು ಕೂಡ್ರುತ್ತಿದ್ದಳು. ಬೇಡವೆಂದವನು ನಾನು. ದೊಡ್ಡವರ ಜಗಳಕ್ಕೆ ನಮ್ಮಂಥವರು ಸಹಿ ಹಾಕುವುದು ಹೀಗೆಯೇ: ಅವರು ಒಂದು ಬಾಗಿಲು ಹಾಕಿದರೆ, ಅದು ಬೇಗ ತೆರೆದೀತೆಂಬ ನಂಬಿಕೆಯಲ್ಲಿ ಇನ್ನೊಂದನ್ನು ನಾವೇ ಹಾಕಿಕೊಳ್ಳುತ್ತೇವೆ.

ಡಿಸೆಂಬರಿನಲ್ಲಿ ಮಗಳು ಬಂದಳು. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೂಸಿನ ಪಾಸ್‌ಪೋರ್ಟನ್ನು ತೆರೆದು ನೋಡಿದೆ. ಒಂದು ಹಾಳೆಯ ತುಂಬ ವೀಸಾ ಅಂಟಿಸಿತ್ತು. ಮೂಲೆಯಲ್ಲಿ ಕಣ್ಣು ಬಿಟ್ಟುಕೊಂಡ ಕೂಸಿನ ಪಟ. ನೋಡಿದ್ದಾಗಿದೆ! ಜವಳ ಮಾಡಿದೆವು. ಮಾರನೆಯ ದಿನ ಕೂಸನ್ನು ಎತ್ತಿಕೊಂಡು ಅಷ್ಟೂರಿಗೆ ಹೋದೆವು. ಉಸ್ತಾದರೂ ಬಂದರು. ಕಾವಲಿನವನು ಕನ್ನಡಿ ಹಿಡಿದ. ಗುಮ್ಮಟದೊಳಗೆ ಬೆಳಕು ಓಡಾಡತೊಡಗಿತು. ಕೂಸು ಅದನ್ನು ಹಿಡಿಯಲು ಎರಡೂ ಕೈ ಚಾಚಿ ನಗತೊಡಗಿತು. ಬೋಳುತಲೆಯ ಆ ಕೂಸನ್ನು ನನ್ನಾಕೆ ಹೊಸ್ತಿಲ ಬಳಿ ಬಗ್ಗಿಸಿ ಹಣೆ ಹಚ್ಚಿಸಿದಳು. ಅವ್ವ ಹೇಳಿದ್ದ ಕೆಲಸ ಆಯಿತು. ಹೇಳಿದವಳು ಇರಲಿಲ್ಲ.

ತಿರುಗಿ ಬರುವಾಗ ಚೌಖಂಡಿಯ ಮೆಟ್ಟಿಲ ಮೇಲೆ ಕುಳಿತೆವು. ಮಾತಿಗೆ ಮಾತು ಬಂದು, ಉಸ್ತಾದರ ಅಕ್ಕನ ಮೊಮ್ಮಗನೊಬ್ಬ ಟೊರಾಂಟೊದಲ್ಲೇ ಇರುವುದಾಗಿ ತಿಳಿಯಿತು. ಮಗಳು, "ಮತ್ತ ಡಬ್ಬಿ ನನ್ನ ಕೈಯಾಗ ಕೊಡ್ರಿ, ಮಾಮಾ" ಎಂದಳು. ಉಸ್ತಾದರು ತುಸು ಹೊತ್ತು ಸುಮ್ಮನೆ ಕುಳಿತರು. ತಮ್ಮ ಕೈಯಾರೆ ಕೊಡಬೇಕೆಂದು ಇಟ್ಟುಕೊಂಡ ವಸ್ತು ಅದು. ಆಮೇಲೆ ತಲೆಯಾಡಿಸಿದರು.

ಹೀಗೆ ಆ ಡಬ್ಬಿ ಬೀದರದಿಂದ ಟೊರಾಂಟೊಕ್ಕೆ ಹೋಯಿತು. 2024ರಲ್ಲಿ ಅಲ್ಲಿಂದ ಆ ಹುಡುಗನ ಪೆಟ್ಟಿಗೆಯಲ್ಲಿ ಕರಾಚಿಗೆ ಹೋಯಿತು. ಹಕ್ಕಿ ಹಾರಿದಂತೆ ನೇರವಾಗಿ ಅಳೆದರೆ ಬೀದರಕ್ಕೂ ಕರಾಚಿಗೂ ಸುಮಾರು 1,300 ಕಿಲೋಮೀಟರು. ಡಬ್ಬಿ ಭೂಮಿಯ ಆ ಮಗ್ಗುಲನ್ನು ಮುಟ್ಟಿ ಬಂದು ಪಕ್ಕದ ಮನೆಗೆ ಸೇರಿತು. ತೊಂಬತ್ತು ದಾಟಿದ ಅಕ್ಕ ಅದರಲ್ಲಿ ಅಡಕೆ ತುಂಬಿಕೊಂಡು ಪಟ ತೆಗೆಸಿ ಕಳಿಸಿದ್ದರು. ಉಸ್ತಾದರು ಅದನ್ನು ನನಗೆ ತೋರಿಸಿ, ಅಕ್ಕನ ಮುಖವನ್ನು ಬಿಟ್ಟು ಡಬ್ಬಿಯನ್ನೇ ಹಿಗ್ಗಿಸಿ ನೋಡಿ, "ಕಪ್ಪು ಇನ್ನೂ ಹಾಂಗೇ ಅದ" ಎಂದರು. ಅದು ಬೀದರ ಕೋಟೆಯ ಮಣ್ಣಿನ ಕಪ್ಪು.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಗುಂಡಿಟ್ಟು ಕೊಂದರು. ಪಾಕಿಸ್ತಾನದವರಿಗೆ ಕೊಟ್ಟ ವೀಸಾಗಳನ್ನು 27ರಿಂದ ರದ್ದು ಮಾಡಲಾಯಿತು. ಆ ಕಡೆಯವರೂ ಹಾಗೆಯೇ ಮಾಡಿದರು. ಸತ್ತವರ ಮನೆಯವರ ದುಃಖದ ಎದುರು ಬೇರೆ ಯಾವ ಮಾತನ್ನಾದರೂ ಆಡಲು ನಾಲಗೆ ಏಳುವುದಿಲ್ಲ. ಆದರೂ ಆ ವಾರ ಅಟ್ಟಾರಿಯ ಗೇಟಿನಲ್ಲಿ, ತಾಯಿಯದೊಂದು ಪಾಸ್‌ಪೋರ್ಟು, ಮಕ್ಕಳದೊಂದು ಪಾಸ್‌ಪೋರ್ಟು ಆಗಿ ನಿಂತವರನ್ನು ಟಿ.ವಿ.ಯಲ್ಲಿ ನೋಡಿದಾಗ ಅವ್ವನ ಪ್ರಶ್ನೆ ಮತ್ತೆ ಕಿವಿಗೆ ಬಂತು. ಸಂಜೆ ಉಸ್ತಾದರ ಮನೆಗೆ ಹೋದೆ. ಅವರು ಪೆಟ್ಟಿಗೆ ತೆರೆದುಕೊಂಡು ಕುಳಿತಿದ್ದರು. ಡಬ್ಬಿಯಿದ್ದ ಜಾಗ ಖಾಲಿಯಿತ್ತು. ಅದರ ಕೆಳಗೆ 2019ರ ಆ ಅರ್ಜಿ, ಡಬ್ಬಿಯ ಎಣ್ಣೆಯ ದುಂಡು ಗುರುತು ಹೊತ್ತುಕೊಂಡು, ಹಾಗೆಯೇ ಇತ್ತು.

"ಇನ್ನೂ ಯಾಕ ಇಟ್ಟೀರಿ, ಉಸ್ತಾದರೆ?" ಎಂದೆ.

"ಇರಲಿ, ಮಾಸ್ತರ್. ಹೆಸರು, ಅಪ್ಪನ ಹೆಸರು, ಊರು, ಎಲ್ಲಾ ತುಂಬಿದ್ದೇ ಅದ. ತಾರೀಖೊಂದು ಬರೆಯೋದು ಬಾಕಿ" ಎಂದು ಅದನ್ನು ಮಡಿಸಿ ಮತ್ತೆ ಒಳಗಿಟ್ಟರು.